ಡೇಟಾಶೀಟಿನ 25 ಡಿಗ್ರಿ, ರಾಯಚೂರಿನ 43 ಡಿಗ್ರಿ

(ರಾಯಚೂರಿನಲ್ಲಿ ಐಟಿಐ ಓದುವವರು, ಬಲ್ಬ್ ರಿಪೇರಿ ಮಾಡುವವರು, ಪೆಂಡಾಲಿಗೆ ಲೈಟ್ ಹಾಕುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನ ಜೊತೆಗೇ ಸೇರಿಸಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇವೆ.)

ಎಲ್ಲರಿಗೂ ನಮಸ್ಕಾರ. ಒಂದು ಸಂಖ್ಯೆಯಿಂದ ಶುರು ಮಾಡೋಣ. 25. ಎಲ್‌ಇಡಿಯ ಡೇಟಾಶೀಟ್, ಅಂದರೆ ಕಂಪನಿ ಕೊಡುವ ವಿವರಗಳ ಹಾಳೆ, ತೆಗೆದು ನೋಡಿ. ಬೆಳಕು ಎಷ್ಟು, ವೋಲ್ಟೇಜ್ ಎಷ್ಟು ಅಂತ ಕೊಟ್ಟಿರುವ ಪಟ್ಟಿಯ ಮೇಲೆ, 25 ಡಿಗ್ರಿಯಲ್ಲಿ ಅಳೆದದ್ದು ಅಂತ ಸಣ್ಣ ಅಕ್ಷರದಲ್ಲಿ ಬಹಳ ಕಡೆ ಬರೆದಿರುತ್ತದೆ. ಕೆಲವು ಒಳ್ಳೆಯ ಕಂಪನಿಗಳು 85 ಡಿಗ್ರಿಯಲ್ಲೂ ಅಳೆದು ಕೊಡುತ್ತವೆ, ಅಂಥದ್ದು ಸಿಕ್ಕರೆ ಅದನ್ನೇ ನಂಬಿ. ಯಾಕಂದ್ರೆ ನಮ್ಮಲ್ಲಿ ಏಪ್ರಿಲ್, ಮೇ ಬಂತು ಅಂದರೆ ನೆರಳಲ್ಲೇ 42, 43 ಡಿಗ್ರಿ. ತಗಡಿನ ಶೆಡ್ಡಿನೊಳಗೆ ಸೂರಿನ ಹತ್ತಿರ ಕೈ ಎತ್ತಿ ನೋಡಿ, 50 ದಾಟಿರುತ್ತದೆ. ಲೈಟ್ ತೂಗುಹಾಕುವುದೂ ಅಲ್ಲೇ ಅಲ್ವಾ?

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಪವರ್ ಎಲ್‌ಇಡಿಗೆ ಅಳತೆಯ ಕರೆಂಟ್ ಕೊಡಿ, ಅದರ ಬಿಸಿ ಹೊರಗೆ ಹೋಗಲು ದಾರಿ ಮಾಡಿ, ಈ ಎರಡನ್ನೂ ನಮ್ಮ ಮೇ ತಿಂಗಳ ಮಧ್ಯಾಹ್ನಕ್ಕೆ ಲೆಕ್ಕ ಹಾಕಿ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಅಂಗಡಿ ಸಾಲಿನಲ್ಲಿ ರಾತ್ರಿಯೆಲ್ಲ ಚೆನ್ನಾಗಿ ಉರಿದ ಲೈಟು ಮೇ ತಿಂಗಳ ಮದುವೆ ಪೆಂಡಾಲಿನಲ್ಲಿ ಯಾಕೆ ಕೈಕೊಡುತ್ತದೆ ಅನ್ನುವುದು ಇದರಲ್ಲೇ ಇದೆ.

ಮೊದಲು ಯಾವ ಎಲ್‌ಇಡಿ ಬಗ್ಗೆ ಮಾತು ಅಂತ ಹೇಳಿಬಿಡುತ್ತೇನೆ. ರೇಡಿಯೋ, ಚಾರ್ಜರ್ ಮೇಲೆ ಮಿಣುಕುವ ಪುಟ್ಟ ಎಲ್‌ಇಡಿಗೆ 20 ಮಿಲಿಆಂಪ್ ಸಾಕು. ಅದಕ್ಕೆ ಹೀಟ್‌ಸಿಂಕ್, ಅಂದರೆ ಬಿಸಿಯನ್ನು ಗಾಳಿಗೆ ಬಿಡುವ ರೆಕ್ಕೆಯ ಲೋಹದ ತುಂಡು, ಬೇಡ, ದೊಡ್ಡ ಚಿಂತೆಯೂ ಬೇಡ. ಪವರ್ ಎಲ್‌ಇಡಿ ಅಂದರೆ 1 ವಾಟಿನದು, 350 ಮಿಲಿಆಂಪ್. 3 ವಾಟಿನದು, 700 ಮಿಲಿಆಂಪ್. ನಕ್ಷತ್ರದ ಆಕಾರದ ಅಲ್ಯೂಮಿನಿಯಂ ಬಿಲ್ಲೆ ಮೇಲೆ ಕೂರಿಸಿ ಮಾರುತ್ತಾರಲ್ಲ, ಅವು. ಆಮೇಲೆ ಒಂದೇ ತಟ್ಟೆಯ ಮೇಲೆ ಹಲವು ಚಿಪ್ ಜೋಡಿಸಿ ಹಳದಿ ಬಣ್ಣ ಹಚ್ಚಿದಂತೆ ಕಾಣುವ ಸಿಒಬಿ. 10 ವಾಟಿನ ಸಿಒಬಿ ಸಾಮಾನ್ಯವಾಗಿ 9ರಿಂದ 12 ವೋಲ್ಟ್, 1 ಆಂಪಿಯರ್ ಹತ್ತಿರ. 100 ವಾಟಿನದು 30ರಿಂದ 36 ವೋಲ್ಟ್, 3 ಆಂಪಿಯರ್.

ಈಗ ಕರೆಂಟಿನ ವಿಷಯ. ಹೊಸಬರು ಮೊದಲು ಎಡವುವುದು ಇಲ್ಲೇ. ಹಳೆ ಬಲ್ಬಿಗೆ 230 ವೋಲ್ಟ್ ಕೊಟ್ಟರೆ ತನಗೆ ಬೇಕಾದಷ್ಟು ಕರೆಂಟ್ ತಾನೇ ತೆಗೆದುಕೊಂಡು ಸುಮ್ಮನಿರುತ್ತಿತ್ತು. ಎಲ್‌ಇಡಿ ಹಾಗಲ್ಲ. ಒಂದು ಬಿಳಿ ಎಲ್‌ಇಡಿ 3.2 ವೋಲ್ಟಿಗೆ 350 ಮಿಲಿಆಂಪ್ ಎಳೆಯುತ್ತದೆ ಅಂದುಕೊಳ್ಳಿ. ಕಾಲು ವೋಲ್ಟ್ ಜಾಸ್ತಿ ಮಾಡಿದರೆ ಎಳೆಯುವುದು ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಎಲ್‌ಇಡಿ ಬಿಸಿಯಾದ ಹಾಗೆ ಅದೇ ಕರೆಂಟಿಗೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಒಂದು ಡಿಗ್ರಿಗೆ 2ರಿಂದ 4 ಮಿಲಿವೋಲ್ಟಿನಷ್ಟು. ಕೇಳಲು ಸಣ್ಣದು. ಆದರೆ 60 ಡಿಗ್ರಿ ಬಿಸಿಯಾಯಿತು ಅಂದರೆ 0.2 ವೋಲ್ಟಿನ ಹತ್ತಿರ ಇಳಿಯಿತು. ನೀವು ಹೊರಗಿನಿಂದ ಅದೇ ವೋಲ್ಟೇಜ್ ಹಿಡಿದು ನಿಲ್ಲಿಸಿದ್ದರೆ, ಎಲ್‌ಇಡಿ ಈಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದರಿಂದ ಇನ್ನಷ್ಟು ಬಿಸಿಯಾಗುತ್ತದೆ, ಬಿಸಿಯಾದದ್ದಕ್ಕೆ ಮತ್ತೂ ಎಳೆಯುತ್ತದೆ, ಹೀಗೇ ಹೋಗಿ ಒಂದು ಹೊತ್ತಿನಲ್ಲಿ ಒಳಗಿನ ಸಣ್ಣ ತಂತಿ ಸುಟ್ಟು ಕಪ್ಪು ಚುಕ್ಕೆ ಬೀಳುತ್ತದೆ. ಬೆಳಗ್ಗೆ ಬೆಂಚಿನ ಮೇಲೆ ಸರಿಯಿತ್ತು, ಮಧ್ಯಾಹ್ನ ಹೋಯಿತು ಅಂತ ಬಹಳ ಜನ ಹೇಳುವುದು ಇದನ್ನೇ.

ಕರೆಂಟ್ ತಡೆಯುವ ರೆಸಿಸ್ಟರ್ ಹಾಕಿದರೆ ಆಗಲ್ವಾ ಅಂತ ಕೇಳುತ್ತೀರಿ. ಲೆಕ್ಕ ಮಾಡೋಣ. ಔಷಧಿ ಹೊಡೆಯುವ ಬ್ಯಾಟರಿ ಪಂಪಿನ 12 ವೋಲ್ಟ್ ಬ್ಯಾಟರಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ, ಅದರ ಮೇಲೆ ಲೈಟ್ ಮಾಡುವವರೂ ಜಾಸ್ತಿ. 1 ವಾಟಿನ ಮೂರು ಎಲ್‌ಇಡಿ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದು, ಹಾಕಿದರೆ 9.6 ವೋಲ್ಟ್. ಉಳಿದದ್ದು 2.4 ವೋಲ್ಟ್. 350 ಮಿಲಿಆಂಪಿಗೆ 6.8 ಓಮ್ ರೆಸಿಸ್ಟರ್. ಸರಿಯಾಗೇ ಇದೆ. ಈಗ ಅದೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಿಕೊಂಡೇ ಲೈಟ್ ಹಚ್ಚಿದಿರಿ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟಿನವರೆಗೂ ಹೋಗುತ್ತದೆ. ಈಗ ರೆಸಿಸ್ಟರಿಗೆ ಉಳಿದದ್ದು 4.8 ವೋಲ್ಟ್, ಅಂದರೆ ಎರಡು ಪಟ್ಟು! ಕಾಗದದ ಲೆಕ್ಕದಲ್ಲಿ ಕರೆಂಟ್ 700 ಮಿಲಿಆಂಪ್. ಎಲ್‌ಇಡಿಯ ವೋಲ್ಟೇಜೂ ಸ್ವಲ್ಪ ಏರುವುದರಿಂದ ನಿಜದಲ್ಲಿ 600ರ ಆಸುಪಾಸು ಅನ್ನಿ. 350ರ ಎಲ್‌ಇಡಿಗೆ 600. ಬ್ಯಾಟರಿ ಇಳಿದು 11 ವೋಲ್ಟಿಗೆ ಬಂದಾಗ ಬರೀ 200, ಲೈಟ್ ಮಂಕು. ಇಲ್ಲಿ ನೀವು ಹಾಕಿದ ರೆಸಿಸ್ಟರ್ ತಪ್ಪಲ್ಲ, ಅದಕ್ಕೆ ಉಳಿಸಿದ ವೋಲ್ಟೇಜ್ ತೀರಾ ಕಡಿಮೆ. ಮೂರರ ಬದಲು ಎರಡೇ ಎಲ್‌ಇಡಿ ಹಾಕಿ 16 ಓಮ್ ಹಾಕಿದರೆ ಏರಿಳಿತ ಕಡಿಮೆಯಾಗುತ್ತದೆ, ಆದರೆ ಬ್ಯಾಟರಿಯ ಅರ್ಧ ಹತ್ತಿರ ರೆಸಿಸ್ಟರಿನಲ್ಲೇ ಬಿಸಿಯಾಗಿ ಹೋಗುತ್ತದೆ. 

ಕಲಿಯುವವರಿಗೆ ನಾನು ಮೊದಲು ಹೇಳುವ ಸರ್ಕ್ಯೂಟ್ ಎಲ್‌ಎಂ317. ಹತ್ತಿಪ್ಪತ್ತು ರೂಪಾಯಿಯ ಮೂರು ಕಾಲಿನ ಐಸಿ. ಔಟ್‌ಪುಟ್ ಕಾಲಿಗೂ ಅಡ್ಜಸ್ಟ್ ಕಾಲಿಗೂ ನಡುವೆ ಒಂದು ರೆಸಿಸ್ಟರ್ ಹಾಕಿ, ಅಡ್ಜಸ್ಟ್ ಕಾಲಿನಿಂದ ಎಲ್‌ಇಡಿಗೆ ಎಳೆದರೆ ಆಯಿತು. ಕರೆಂಟ್ ಅಂದರೆ 1.25 ಭಾಗಿಸು ಆ ರೆಸಿಸ್ಟರ್. 3.6 ಓಮ್ ಹಾಕಿದರೆ 350 ಮಿಲಿಆಂಪ್ ಹತ್ತಿರ. ಬ್ಯಾಟರಿ 12 ಆಗಲಿ 14 ಆಗಲಿ ಅಷ್ಟೇ ಹರಿಯುತ್ತದೆ. ಆದರೆ ಈ ಜೋಡಣೆಗೆ ತನ್ನ ಪಾಲಿಗೆ 3 ವೋಲ್ಟ್ ಬೇಕು, ಹಾಗಾಗಿ 12 ವೋಲ್ಟಿನಲ್ಲಿ ಎರಡೇ ಎಲ್‌ಇಡಿ. ಮತ್ತೆ ಅದಕ್ಕೂ ಹೀಟ್‌ಸಿಂಕ್ ಬೇಕು. ದಿನಾ ಬಳಸುವ ಲೈಟಿಗೆ ಸ್ವಿಚಿಂಗ್ ಡ್ರೈವರ್, ಅಂದರೆ ಅಳತೆಯ ಕರೆಂಟನ್ನೇ ಕೊಡುವ ರೆಡಿ ಸರ್ಕ್ಯೂಟ್, ಕೊಳ್ಳುವುದೇ ಸರಿ, ಬಿಸಿಯಾಗಿ ಹೋಗುವುದು ಕಡಿಮೆ.

ಡ್ರೈವರ್ ಮೇಲಿನ ಚೀಟಿ ಓದುವುದನ್ನು ಕಲಿಯಿರಿ. 8–12×1 ವಾಟ್, 24–42 ವೋಲ್ಟ್, 300 ಮಿಲಿಆಂಪ್ ಅಂತ ಇರುತ್ತದೆ. ಅಂದರೆ ಇದು 300 ಮಿಲಿಆಂಪ್ ಕೊಡುತ್ತದೆ, ವೋಲ್ಟೇಜನ್ನು 24ರಿಂದ 42ರೊಳಗೆ ತಾನೇ ಹೊಂದಿಸಿಕೊಳ್ಳುತ್ತದೆ. ಹತ್ತು ಎಲ್‌ಇಡಿ ಸೀರೀಸಿನಲ್ಲಿ ಹಾಕಿದರೆ 32 ವೋಲ್ಟ್, ನಡುವಿನಲ್ಲಿ ಬಂತು, ಒಳ್ಳೆಯದು. ನಾಲ್ಕೇ ಹಾಕಿದರೆ 12.8 ವೋಲ್ಟ್, ಡ್ರೈವರ್ ಮಿಣುಕಲು ಶುರು ಮಾಡುತ್ತದೆ. ಇನ್ನೊಂದು ಮಾತು. ಡ್ರೈವರಿಗೆ ಮೊದಲು ಕರೆಂಟ್ ಕೊಟ್ಟು ಆಮೇಲೆ ಎಲ್‌ಇಡಿ ವೈರ್ ತಾಗಿಸಬೇಡಿ. ಎಲ್‌ಇಡಿ ಇಲ್ಲದಾಗ ಡ್ರೈವರಿನ ಔಟ್‌ಪುಟ್ ಕೆಪಾಸಿಟರ್ (ಚಾರ್ಜ್ ತುಂಬಿಟ್ಟುಕೊಳ್ಳುವ ಬಿಡಿಭಾಗ) ಪೂರ್ತಿ ವೋಲ್ಟೇಜಿಗೆ ಏರಿ ಕೂತಿರುತ್ತದೆ, ವೈರ್ ತಾಗಿದ ಕ್ಷಣ ಅದೆಲ್ಲ ಎಲ್‌ಇಡಿ ಮೇಲೆ ಬೀಳುತ್ತದೆ. ಹೊಸ ಎಲ್‌ಇಡಿ ಒಂದು ಸಲ ಫಳ್ ಎಂದು ಸತ್ತುಹೋಗುವುದು ಹೀಗೆ. ಮೊದಲು ಜೋಡಿಸಿ, ಬೆಸುಗೆ ಹಾಕಿ, ಆಮೇಲೆ ಸ್ವಿಚ್.

ಎರಡು ಮೂರು ಸಾಲುಗಳನ್ನು ಪ್ಯಾರಲಲ್ ಮಾಡಿ, ಅಂದರೆ ಪಕ್ಕಪಕ್ಕ ಜೋಡಿಸಿ, ಒಂದೇ ಡ್ರೈವರಿಗೆ ಕೊಡುವವರು ಬಹಳ ಇದ್ದಾರೆ. ಎರಡು ಎಲ್‌ಇಡಿ ಒಂದೇ ಪೊಟ್ಟಣದಲ್ಲಿ ಬಂದರೂ ವೋಲ್ಟೇಜ್ ಒಂದೇ ಇರುವುದಿಲ್ಲ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ನೀರು ಎಳೆದುಕೊಂಡರೆ ಕೊನೆ ಭಾಗದವರಿಗೆ ಮುಟ್ಟುವುದಿಲ್ಲ ಅಲ್ವಾ, ಹಾಗೆ ಕಡಿಮೆ ವೋಲ್ಟೇಜಿನ ಸಾಲು ಕರೆಂಟನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಅದು ಸುಟ್ಟಿತು ಅಂದರೆ ಪೂರ್ತಿ ಕರೆಂಟ್ ಉಳಿದ ಸಾಲಿನ ಮೇಲೆ ಬರುತ್ತದೆ, ಅದೂ ಹೋಗುತ್ತದೆ. ಸಾಲಿಗೊಂದು ಡ್ರೈವರ್ ಹಾಕಿ. ಆಗದಿದ್ದರೆ ಸಾಲಿಗೊಂದು ಸಣ್ಣ ರೆಸಿಸ್ಟರನ್ನಾದರೂ ಹಾಕಿ.

ಬಿಸಿಯ ಲೆಕ್ಕಕ್ಕೆ ಬರೋಣ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇದು ಬರೀ ಗುಣಾಕಾರ, ಕೂಡಿಸುವುದು.

ಎಲ್‌ಇಡಿ ತಣ್ಣಗಿರುತ್ತದೆ ಅಂತ ಒಂದು ನಂಬಿಕೆ ಇದೆ. ಕೊಟ್ಟ ಕರೆಂಟಿನಲ್ಲಿ ಬೆಳಕಾಗುವುದು ಮೂರನೇ ಒಂದು ಭಾಗ, ಒಳ್ಳೆಯದಾದರೆ ಸ್ವಲ್ಪ ಜಾಸ್ತಿ. ಉಳಿದದ್ದೆಲ್ಲ ಬಿಸಿ. ಹಳೆ ಬಲ್ಬು ತನ್ನ ಬಿಸಿಯನ್ನು ಬೆಳಕಿನ ಜೊತೆಗೇ ಮುಂದಕ್ಕೆ ಎಸೆಯುತ್ತಿತ್ತು, ಅದಕ್ಕೇ ಬಲ್ಬಿನ ಕೆಳಗೆ ಕೈ ಹಿಡಿದರೆ ಸುಡುತ್ತಿತ್ತು. ಎಲ್‌ಇಡಿ ಹಾಗೆ ಎಸೆಯುವುದಿಲ್ಲ. ಅದರ ಬಿಸಿ ಬೆನ್ನಿನಿಂದ, ಲೋಹದ ಮೂಲಕವೇ ಇಳಿದು ಹೋಗಬೇಕು. ದಾರಿ ಇಲ್ಲದಿದ್ದರೆ ಅಕ್ಕಿಕಾಳಿಗಿಂತ ಸಣ್ಣ ಚಿಪ್ಪಿನಲ್ಲೇ ನಿಲ್ಲುತ್ತದೆ.

10 ವಾಟಿನ ಸಿಒಬಿ ತೆಗೆದುಕೊಳ್ಳಿ. 7 ವಾಟ್ ಬಿಸಿ ಅನ್ನೋಣ. ಚಿಪ್ಪಿನಿಂದ ಬೆನ್ನಿನ ತಟ್ಟೆಗೆ ಪ್ರತಿ ವಾಟಿಗೆ 2 ಡಿಗ್ರಿ ಏರಿಕೆ, ತಟ್ಟೆಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟಿನಲ್ಲಿ ಅರ್ಧ ಡಿಗ್ರಿ, ಹೀಟ್‌ಸಿಂಕಿನಿಂದ ಗಾಳಿಗೆ 5 ಡಿಗ್ರಿ. ಒಟ್ಟು ಏಳೂವರೆ. ಏಳೂವರೆ ಗುಣಿಸು 7, ಅಂದರೆ 52.5 ಡಿಗ್ರಿ. ಗಾಳಿ ಎಷ್ಟು ಬಿಸಿ ಇದೆಯೋ ಅದರ ಮೇಲೆ ಇಷ್ಟು. 25 ಡಿಗ್ರಿಯ ಕೋಣೆಯಲ್ಲಿ ಚಿಪ್ಪು 77.5, ಆರಾಮ. ರಾಯಚೂರಿನ 43ರಲ್ಲಿ 95.5. ತಗಡಿನ ಕೆಳಗೆ 55 ಇದ್ದರೆ 107.5. ಸಾಮಾನ್ಯವಾಗಿ ಡೇಟಾಶೀಟುಗಳಲ್ಲಿ ಚಿಪ್ಪಿನ ಮಿತಿ 120ರಿಂದ 150 ಅಂತ ಇರುತ್ತದೆ. ಹಾಗಾದರೆ ಇನ್ನೂ ಜಾಗ ಇದೆಯಲ್ಲ ಅನ್ನಬೇಡಿ, ಮಿತಿಯ ಹತ್ತಿರ ಉರಿಸಿದಷ್ಟೂ ಆಯಸ್ಸು ಕಡಿಮೆ, ಬೆಳಕೂ ಕಡಿಮೆ. ನಾನು 85 ದಾಟಿಸಲು ಒಪ್ಪುವುದಿಲ್ಲ. ಈಗ ಇದೇ ಲೈಟಿನಲ್ಲಿ ಪೇಸ್ಟ್ ಹಾಕಲು ಮರೆತು, ತಟ್ಟೆ ಒಂದು ಕಡೆ ಎದ್ದು ನಿಂತು, ನಡುವೆ ಗಾಳಿ ಉಳಿದು ವಾಟಿಗೆ ಇನ್ನೂ 5 ಡಿಗ್ರಿ ಸೇರಿತು ಅನ್ನಿ. 35 ಡಿಗ್ರಿ ಜಾಸ್ತಿಯಾಗಿ ತಗಡಿನ ಕೆಳಗೆ 142 ದಾಟುತ್ತದೆ. ಇಂಥ ಲೈಟೇ ಜನವರಿ ರಾತ್ರಿಯ 18 ಡಿಗ್ರಿಯಲ್ಲಿ 105ರಲ್ಲಿ ಉರಿದಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ.

ಪೇಸ್ಟ್ ತೆಳ್ಳಗೆ ಹಚ್ಚಿ. ಜಾಸ್ತಿ ಹಚ್ಚಿದರೆ ಒಳ್ಳೆಯದು ಅಂತ ಬಹಳ ಜನ ಮೆತ್ತುತ್ತಾರೆ, ಅದು ತಪ್ಪು. ಪೇಸ್ಟಿಗಿಂತ ಲೋಹವೇ ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ, ಪೇಸ್ಟ್ ಇರುವುದು ಕಣ್ಣಿಗೆ ಕಾಣದ ಸಣ್ಣ ಗುಂಡಿಗಳಲ್ಲಿ ಗಾಳಿ ಉಳಿಯದಿರಲಿ ಅಂತ. ಹೀಟ್‌ಸಿಂಕಿನ ಮುಖಕ್ಕೆ ಮೊದಲು ಸಣ್ಣ ಎಮೆರಿ ಪೇಪರ್ ಉಜ್ಜಿ, ಒರೆಸಿ. ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎಲ್‌ಇಡಿಯ ಮುಖವನ್ನು ಬೆರಳಿನಿಂದ ಒತ್ತಬೇಡಿ. ಮೇಲಿನ ಸಿಲಿಕೋನ್ ಮೆತ್ತಗಿರುತ್ತದೆ, ಒಳಗಿನ ತಂತಿ ಕಿತ್ತುಹೋಗುತ್ತದೆ.

ಹೀಟ್‌ಸಿಂಕಿನ ರೆಕ್ಕೆಗಳು ನಿಂತಿರಲಿ, ಬಿಸಿ ಗಾಳಿ ಮೇಲಕ್ಕೆ ಹೋಗಲು ಜಾಗ ಇರಲಿ. ಮತ್ತೆ ನಮ್ಮ ಕಡೆಯ ಧೂಳು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು, ಶಕ್ತಿನಗರದ ಹತ್ತಿರ ಹಾರುಬೂದಿ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ತೌಡು, ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಹತ್ತಿಯ ಎಳೆ. ಒಂದು ಹಂಗಾಮು ಕಳೆಯುವಷ್ಟರಲ್ಲಿ ರೆಕ್ಕೆಗಳ ನಡುವೆ ತುಂಬಿಕೊಂಡು ಗಾಳಿ ಆಡುವುದೇ ಇಲ್ಲ. ಹಾಗಾಗಿ ಒತ್ತೊತ್ತಾದ ರೆಕ್ಕೆಗಳಿಗಿಂತ ಅಗಲ ಅಂತರದ ದೊಡ್ಡ ಹೀಟ್‌ಸಿಂಕ್ ಒಳ್ಳೆಯದು, ಬಟ್ಟೆ ಹಾಕಿ ಒರೆಸಬಹುದು. ಹತ್ತಿ, ತೌಡು ಇರುವ ಕಡೆ ಮಾತ್ರ ದಯವಿಟ್ಟು ನೀವೇ ಮಾಡಿದ ತೆರೆದ ಲೈಟ್ ಹಾಕಬೇಡಿ. ಅವು ಬೆಂಕಿ ಹಿಡಿಯುವ ವಸ್ತುಗಳು. ಅಂಥ ಜಾಗಕ್ಕೆಂದೇ ಮಾಡಿದ, ಧೂಳು ಒಳಗೆ ಹೋಗದ ಲೈಟ್ ಸಿಗುತ್ತದೆ, ಅದನ್ನೇ ಹಾಕಿಸಿ.

ಡ್ರೈವರನ್ನು ಎಲ್‌ಇಡಿಯ ಬೆನ್ನಿಗೇ ಕಟ್ಟುವುದು ಸಾಮಾನ್ಯ. ಡ್ರೈವರಿನೊಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರಿಗೆ 10 ಡಿಗ್ರಿ ಬಿಸಿ ಕಡಿಮೆ ಮಾಡಿದರೆ ಆಯಸ್ಸು ಹೆಚ್ಚುಕಮ್ಮಿ ಎರಡು ಪಟ್ಟು ಆಗುತ್ತದೆ. ಒಂದು ಅಡಿ ವೈರ್ ಹಾಕಿ ಅದನ್ನು ದೂರ ಇಡಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟುಗಳಲ್ಲಿ ಮಷಿನ್ ಮೇಲೆ ದಿನವಿಡೀ ಲೈಟ್ ಉರಿಯುತ್ತದೆ, ಅಲ್ಲಿ ಇಷ್ಟು ಬದಲಾವಣೆ ಮಾಡಿದರೂ ಡ್ರೈವರ್ ಎಷ್ಟೋ ದಿನ ಜಾಸ್ತಿ ಬಾಳುತ್ತದೆ.

ಈಗ ಜೀವದ ಮಾತು. ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಈಗ ಬರುವ ಅಗ್ಗದ ಬಲ್ಬುಗಳಲ್ಲಿ ಡಿಒಬಿ ಅನ್ನುವ ಒಂದು ತಟ್ಟೆ ಇರುತ್ತದೆ, ಎಲ್‌ಇಡಿ ಮತ್ತು ಡ್ರೈವರ್ ಎರಡೂ ಅದೇ ಅಲ್ಯೂಮಿನಿಯಂ ತಟ್ಟೆಯ ಮೇಲೆ. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಅಂದರೆ ನಿಮ್ಮ ಮನೆಯ ಲೈನಿಗೂ ಆ ಎಲ್‌ಇಡಿಯ ಕಾಲಿಗೂ ನಡುವೆ ತಡೆ ಏನೂ ಇಲ್ಲ. ಮೇಲಿನ ಪ್ಲಾಸ್ಟಿಕ್ ಟೋಪಿಯೇ ನಿಮ್ಮನ್ನು ಕಾಯುತ್ತಿರುವುದು. ಟೋಪಿ ಒಡೆದ ಬಲ್ಬನ್ನು ಹಾಗೇ ಹೋಲ್ಡರಿನಲ್ಲಿ ಉರಿಸುವುದನ್ನು ಎಷ್ಟು ಮನೆಗಳಲ್ಲಿ ನೋಡುತ್ತೇವೆ! ಅದನ್ನು ಬಿಚ್ಚಿ ಎಸೆಯಿರಿ, ಬೇರೆಯವರಿಗೂ ಹೇಳಿ.

ರಿಪೇರಿ ಮಾಡುವವರ ಹತ್ತಿರ ಸೀರೀಸ್ ಬೋರ್ಡ್ ಇರುತ್ತದೆ, 60 ವಾಟಿನ ಹಳೆ ಬಲ್ಬ್ ಸೀರೀಸಿನಲ್ಲಿ ಹಾಕಿದ್ದು. ಶಾರ್ಟ್ ಇದ್ದರೆ ಫ್ಯೂಸ್ ಹೋಗದಂತೆ ಅದು ಕಾಪಾಡುತ್ತದೆ. ಮನುಷ್ಯನನ್ನು ಕಾಪಾಡುವುದಿಲ್ಲ. ಆ ಬಲ್ಬಿನ ಮೂಲಕ 260 ಮಿಲಿಆಂಪ್ ಹರಿಯಬಲ್ಲದು, ಮನುಷ್ಯನಿಗೆ ಅದರ ಕಾಲು ಭಾಗವೂ ಪ್ರಾಣಕ್ಕೆ ಅಪಾಯ. ಕೆಲಸದ ಬೆಂಚಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಉಪಕರಣಗಳಿಗೆ ಕೊಡುವ ದುಡ್ಡಿನಲ್ಲಿ ಮೊದಲ ಪಾಲು ಅದಕ್ಕೆ. ಆದರೆ ಲೈನಿಗೂ ನ್ಯೂಟ್ರಲಿಗೂ ಎರಡು ಕೈ ತಾಗಿದರೆ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಪ್ಲಗ್ ಕೀಳದೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಡ್ರೈವರಿನ ಕೆಪಾಸಿಟರಿನಲ್ಲಿ 325 ವೋಲ್ಟ್ ಉಳಿದಿರಬಹುದು. 230ರ ಶಿಖರ ಅಷ್ಟು. 10 ಕಿಲೋಓಮ್, 5 ವಾಟಿನ ರೆಸಿಸ್ಟರಿಗೆ ಕೈಗೆ ತಾಗದಂತೆ ಚೆನ್ನಾಗಿ ಟೇಪ್ ಸುತ್ತಿದ ವೈರ್ ಹಾಕಿ ಅದರ ಮೂಲಕ ಆ ವೋಲ್ಟೇಜ್ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಮುಟ್ಟಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ರೂಢಿ ಬಿಡಿ.

ಹೊಸಬರು ನೀವೇ ಲೈಟ್ ಮಾಡುವುದಾದರೆ ಬ್ಯಾಟರಿಯಿಂದ ಶುರು ಮಾಡಿ, ಇಲ್ಲಾಂದ್ರೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟೆಡ್ ಡ್ರೈವರ್ ಕೊಂಡುಕೊಳ್ಳಿ. ಅದರ ಮೇಲೆ ಸರ್ಕಾರದ ಗುಣಮಟ್ಟದ ಬಿಐಎಸ್ ಗುರುತು, ಐಎಸ್ 15885 ಅಂತ ಇದೆಯಾ ನೋಡಿ. ಲೋಹದ ಬಾಡಿ ಇದ್ದರೆ ಅರ್ತ್ ಕೊಡಲೇಬೇಕು. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿದಾಗ ಅರ್ತಿನ ಗುಂಡಿ ಕೆಲಸ ಮಾಡುವುದು ಕಡಿಮೆ, ಆಗಾಗ ನೀರು ಹಾಕಿ. ಬ್ಯಾಟರಿ ಲೈಟಿಗೆ ಶಾಕ್ ಭಯವಿಲ್ಲ, ಬೆಂಕಿಯ ಭಯ ಇದೆ. ಬ್ಯಾಟರಿಯ ಪ್ಲಸ್ ಕಡ್ಡಿಯ ಹತ್ತಿರವೇ ಫ್ಯೂಸ್ ಹಾಕಿ, ವೈರಿನ ಕೊನೆಯಲ್ಲಿ ಹಾಕಿದರೆ ನಡುವೆ ವೈರ್ ತುಳಿದು ಶಾರ್ಟ್ ಆದಾಗ ಉಪಯೋಗಕ್ಕೆ ಬರುವುದಿಲ್ಲ. 

ಕಣ್ಣು. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಚಿಪ್, ಮೇಲೆ ಹಳದಿ ಫಾಸ್ಫರ್ ಪುಡಿಯ ಲೇಪ. ಆ ನೀಲಿಯನ್ನು ಸಾಧಿಸಿದ್ದಕ್ಕೇ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು. ಆದರೆ ಹತ್ತಿರದಿಂದ ನೇರ ದಿಟ್ಟಿಸಿದರೆ ಆ ನೀಲಿಯೇ ಕಣ್ಣಿನ ಪರದೆಗೆ ಕೆಟ್ಟದ್ದು. ಪರೀಕ್ಷೆ ಮಾಡುವಾಗ 10, 20 ಮಿಲಿಆಂಪಿನಲ್ಲಿ ಹಚ್ಚಿ ನೋಡಿ, ಅಷ್ಟಕ್ಕೇ ಉರಿಯುತ್ತದೆ. ಪೂರ್ತಿ ಹಚ್ಚುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿ.

ಪ್ರಶ್ನೆಗಳಿಗೆ ಬರುತ್ತೇನೆ.

ಪೆಂಡಾಲಿನ ಕೆಲಸ ಮಾಡುವ ಒಬ್ಬ ಹುಡುಗ ಕೇಳಿದ, "ಸರ್, ಹೀಟ್‌ಸಿಂಕ್ ದುಬಾರಿ, ಸಣ್ಣದಕ್ಕೇ ಫ್ಯಾನ್ ಹಾಕಿದರೆ ನಡೆಯಲ್ವಾ?" ನಡೆಯುತ್ತದಪ್ಪಾ, ಫ್ಯಾನ್ ತಿರುಗುವವರೆಗೆ. ನಮ್ಮ ಧೂಳಿಗೆ ಆ ಸಣ್ಣ ಫ್ಯಾನಿನ ಬೇರಿಂಗ್ ಬೇಗ ಹಿಡಿದುಕೊಳ್ಳುತ್ತದೆ, ಅದು ನಿಂತದ್ದು ಮೇಲೆ ಕಂಬದಲ್ಲಿರುವ ಲೈಟಿನಲ್ಲಿ ಯಾರಿಗೂ ಕಾಣುವುದಿಲ್ಲ. ಫ್ಯಾನ್ ಹಾಕಲೇಬೇಕು ಅಂದರೆ ಜೊತೆಗೆ ಕೆಎಸ್‌ಡಿ301 ಅನ್ನುವ ಥರ್ಮಲ್ ಸ್ವಿಚ್ ಹಾಕು, ಮಾಮೂಲಿಗೆ ಕೂಡಿಕೊಂಡಿದ್ದು 70 ಡಿಗ್ರಿಗೆ ಬಿಟ್ಟುಕೊಳ್ಳುವಂಥದ್ದು. ಅದನ್ನು ಹೀಟ್‌ಸಿಂಕಿಗೆ ಎಲ್‌ಇಡಿಯ ಹತ್ತಿರ ಕೂರಿಸಿ, ಡ್ರೈವರಿಗೆ ಬರುವ ಲೈನ್ ವೈರ್ ಅದರ ಮೂಲಕ ಹೋಗಲಿ. ಔಟ್‌ಪುಟ್ ಕಡೆ ಹಾಕಬೇಡ, ಆಗಲೇ ಹೇಳಿದೆನಲ್ಲ, ಮತ್ತೆ ಕೂಡಿಕೊಂಡಾಗ ಎಲ್‌ಇಡಿ ಮೇಲೆ ಹೊಡೆತ ಬೀಳುತ್ತದೆ. ಸ್ವಿಚ್ಚಿನ ಕಡ್ಡಿಗಳಲ್ಲಿ 230 ವೋಲ್ಟ್ ಇರುತ್ತದೆ, ಕೈಗೆ ತಾಗದಂತೆ ಮುಚ್ಚಬೇಕು.

ಒಬ್ಬ ತಂಗಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಕರೆಂಟ್ ಕಡಿಮೆ ಕೊಟ್ಟರೆ ಬೆಳಕು ಎಷ್ಟು ಕಳೆದುಕೊಳ್ಳುತ್ತೇವೆ? ನೀವು ಅಂದುಕೊಂಡದ್ದಕ್ಕಿಂತ ಕಡಿಮೆಯಮ್ಮಾ. 700 ಮಿಲಿಆಂಪಿನ ಎಲ್‌ಇಡಿಗೆ 350 ಕೊಟ್ಟರೆ ಬೆಳಕು ಅರ್ಧಕ್ಕಿಂತ ಜಾಸ್ತಿಯೇ ಉಳಿಯುತ್ತದೆ, ಯಾಕಂದ್ರೆ ಕಡಿಮೆ ಕರೆಂಟಿನಲ್ಲಿ ಎಲ್‌ಇಡಿ ತನ್ನ ಕೆಲಸ ಚೆನ್ನಾಗಿ ಮಾಡುತ್ತದೆ. ಬಿಸಿ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. 10 ವಾಟಿನ ಒಂದನ್ನು ಪೂರ್ತಿ ಉರಿಸುವ ಬದಲು ಎರಡನ್ನು ಅರ್ಧರ್ಧ ಉರಿಸಿ. ಎಲ್‌ಇಡಿ ಇವತ್ತು ಅಗ್ಗ. ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕೊನೆಗೆ ಒಬ್ಬರು, ಹೀಟ್‌ಸಿಂಕ್ ಸಾಕಾಗಿದೆ ಅಂತ ಅಂಗಡಿಯಲ್ಲೇ ಹೇಗೆ ತಿಳಿಯುವುದು ಅಂದರು. ಬೆರಳಿಟ್ಟು ನೋಡುವುದು ರೂಢಿ, ಐದು ಸೆಕೆಂಡ್ ಇಡಲು ಆಗದಿದ್ದರೆ ಸುಮಾರು 55, 60 ಡಿಗ್ರಿ ದಾಟಿದೆ ಅಂತ. ಲೋಹ ಮುಟ್ಟುವ ಮೊದಲು ಡ್ರೈವರ್ ಐಸೊಲೇಟೆಡ್ ಹೌದಾ ನೋಡಿ, ಪ್ಲಗ್ ಕಿತ್ತು ಮುಟ್ಟಿ. ಬೆರಳಿಗಿಂತ ಮೀಟರಿನ ಜೊತೆ ಬರುವ, ಬಿಸಿ ಅಳೆಯುವ ಥರ್ಮೋಕಪಲ್ ವೈರ್ ಒಳ್ಳೆಯದು. ತುದಿಯನ್ನು ಎಲ್‌ಇಡಿಯ ಪಕ್ಕದಲ್ಲೇ ಹೀಟ್‌ಸಿಂಕಿಗೆ ಅಂಟಿಸಿ, ಲೈಟನ್ನು ಅದರ ಡಬ್ಬಿಯಲ್ಲೇ ಮುಚ್ಚಿ, ಒಂದು ಗಂಟೆ ಉರಿಸಿ. ಬಿಚ್ಚಿಟ್ಟು ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. ಬಂದ ಸಂಖ್ಯೆಯಲ್ಲಿ ಆ ಹೊತ್ತಿನ ಗಾಳಿಯ ಬಿಸಿ ಕಳೆಯಿರಿ, ಉಳಿದದ್ದಕ್ಕೆ 45 ಕೂಡಿಸಿ, ತಗಡಿನ ಶೆಡ್ಡಿಗಾದರೆ 55. ಅದು 70 ದಾಟಿತು ಅಂದರೆ ಹೀಟ್‌ಸಿಂಕ್ ದೊಡ್ಡದು ಮಾಡಿ, ಇಲ್ಲವೇ ಕರೆಂಟ್ ಇಳಿಸಿ ಮತ್ತೆ ಒಂದು ಗಂಟೆ ಉರಿಸಿ ನೋಡಿ. ಗಿರಾಕಿಯ ಕೈಗೆ ಕೊಡುವುದು ಆಮೇಲೆ.